41 ವರ್ಷ ಕಾದ ಗಡಿ ಒಪ್ಪಂದ: ರಾಜತಾಂತ್ರಿಕತೆ ಎಡವಿದ್ದು ಎಲ್ಲಿ?

2015 ರ ಜುಲೈ 31 ರ ನಡುರಾತ್ರಿ. ಪಶ್ಚಿಮ ಬಂಗಾಳದ ಕೂಚ್ ಬಿಹಾರ ಜಿಲ್ಲೆಯ ಮಶಾಲ್‌ಡಾಂಗಾ ಎಂಬ ಪುಟ್ಟ ಊರಿನಲ್ಲಿ ಭಾರತದ ರಾಷ್ಟ್ರಧ್ವಜ ಮೇಲೇರಿತು. ದೇಶ ಸ್ವತಂತ್ರವಾಗಿ 68 ವರ್ಷಗಳು ತುಂಬಲು ಕೇವಲ ಎರಡು ವಾರ ಬಾಕಿ ಇತ್ತು. ನಾಲ್ಕೂ ದಿಕ್ಕಿನಲ್ಲಿ ಭಾರತದ ಭೂಮಿಯೇ ಇದ್ದರೂ, ಆ ರಾತ್ರಿಯವರೆಗೆ ಆ ಊರು ಬಾಂಗ್ಲಾದೇಶಕ್ಕೆ ಸೇರಿತ್ತು. ಅದೇ ಹೊತ್ತಿಗೆ ಗಡಿಯಾಚೆ, ಬಾಂಗ್ಲಾದೇಶದ ಒಡಲಿನಲ್ಲಿದ್ದ ಭಾರತದ 111 ತುಣುಕುಗಳು ಬಾಂಗ್ಲಾದೇಶದ ಪಾಲಾದವು. ಗುಂಡು ಹಾರಲಿಲ್ಲ, ಸೈನ್ಯ ಕದಲಲಿಲ್ಲ.

ನೆರೆಹೊರೆಯ ಗಡಿ ವಿವಾದಗಳ ಇತಿಹಾಸದಲ್ಲಿ ಇದನ್ನು ಯಶಸ್ಸಿನ ಅಪರೂಪದ ಅಧ್ಯಾಯವೆಂದು ಬಣ್ಣಿಸುವುದುಂಟು. ಆ ಮಾತು ಸುಳ್ಳಲ್ಲ. ಆದರೆ ಈ ಹಸ್ತಾಂತರಕ್ಕೆ ಆಧಾರವಾದ ಒಪ್ಪಂದಕ್ಕೆ ಉಭಯ ದೇಶಗಳ ಪ್ರಧಾನಿಗಳು ಸಹಿ ಹಾಕಿದ್ದು 1974 ರ ಮೇ 16 ರಂದು. ಸಹಿಗೂ ಹಸ್ತಾಂತರಕ್ಕೂ ನಡುವೆ 41 ವರ್ಷಗಳು ಉರುಳಿದವು. ಢಾಕಾ ಮತ್ತು ದೆಹಲಿಯ ನಡುವಣ ಭಿನ್ನಾಭಿಪ್ರಾಯ ಈ ವಿಳಂಬಕ್ಕೆ ಮುಖ್ಯ ಕಾರಣವಾಗಿರಲಿಲ್ಲ ಎಂಬುದು ಗಮನಾರ್ಹ. ನೆರೆಯ ದೇಶದೊಂದಿಗೆ ಒಮ್ಮತಕ್ಕೆ ಬಂದ ದೆಹಲಿಗೆ ತನ್ನದೇ ರಾಜ್ಯಗಳು, ಪಕ್ಷಗಳು ಮತ್ತು ಸಂಸತ್ತಿನೊಂದಿಗೆ ಒಮ್ಮತಕ್ಕೆ ಬರಲು ನಾಲ್ಕು ದಶಕಗಳು ಬೇಕಾದವು. ಬಗೆಹರಿಯದೆ ಉಳಿದಿರುವ ಇತರ ಗಡಿಗಳ ಕುರಿತು ಚಿಂತಿಸುವವರು ಮೊದಲು ಅವಲೋಕಿಸಬೇಕಾದ ಸಂಗತಿ ಇದು.

ಕಗ್ಗಂಟಿನ ಮೂಲ

ಈ ಭೂ ತುಣುಕುಗಳನ್ನು ಸ್ಥಳೀಯರು ಛಿಟ್‌ಮಹಲ್ ಎಂದು ಕರೆಯುತ್ತಾರೆ. ಕೂಚ್ ಬಿಹಾರದ ಮಹಾರಾಜ ಮತ್ತು ರಂಗಪುರದ ನವಾಬ ಚದುರಂಗದಾಟದಲ್ಲಿ ಹಳ್ಳಿಗಳನ್ನೇ ಪಣಕ್ಕಿಟ್ಟರೆಂಬ ದಂತಕಥೆ ಆ ಭಾಗದಲ್ಲಿ ಜನಜನಿತ. ಇತಿಹಾಸಕಾರರು ಬೇರೆಯದೇ ಕಾರಣ ಹೇಳುತ್ತಾರೆ. 18 ನೇ ಶತಮಾನದ ಆದಿಯಲ್ಲಿ ಮೊಗಲರಿಗೂ ಕೂಚ್ ಬಿಹಾರದ ಅರಸರಿಗೂ ನಡೆದ ಯುದ್ಧಗಳು ಒಪ್ಪಂದದಲ್ಲಿ ಕೊನೆಗೊಂಡಾಗ, ಎರಡೂ ಕಡೆಯ ಕೆಲವು ಜಮೀನ್ದಾರರು ಎದುರಾಳಿಯ ನೆಲದೊಳಗೆ ತಮ್ಮ ಹಿಡಿತವನ್ನು ಉಳಿಸಿಕೊಂಡರು. ಯಾರು ಯಾರಿಗೆ ಕಂದಾಯ ಕಟ್ಟಬೇಕು ಎಂಬಷ್ಟಕ್ಕೇ ಆಗ ಅದರ ಮಹತ್ವ ಸೀಮಿತವಾಗಿತ್ತು. ಜನರ ಓಡಾಟಕ್ಕೆ ಅಡ್ಡಿ ಇರಲಿಲ್ಲ.

1947 ರ ವಿಭಜನೆ ಈ ಕಂದಾಯದ ಗಡಿಯನ್ನು ದೇಶದ ಗಡಿಯನ್ನಾಗಿ ಪರಿವರ್ತಿಸಿತು. ರಂಗಪುರ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ದೇಶೀಯ ಸಂಸ್ಥಾನವಾಗಿದ್ದ ಕೂಚ್ ಬಿಹಾರ 1949 ರಲ್ಲಿ ಭಾರತದಲ್ಲಿ ವಿಲೀನಗೊಂಡು, 1950 ರ ಜನವರಿ 1 ರಿಂದ ಪಶ್ಚಿಮ ಬಂಗಾಳದ ಜಿಲ್ಲೆಯಾಯಿತು. 1952 ರಲ್ಲಿ ಉಭಯ ದೇಶಗಳ ನಡುವೆ ಪಾಸ್‌ಪೋರ್ಟ್ ಮತ್ತು ವೀಸಾ ಪದ್ಧತಿ ಜಾರಿಗೆ ಬಂತು. ಛಿಟ್‌ಮಹಲ್ ನಿವಾಸಿಗಳ ಬದುಕಿಗೆ ಬೀಗ ಬಿದ್ದದ್ದು ಅಂದೇ. ತನ್ನ ದೇಶದ ಸರ್ಕಾರಿ ಕಚೇರಿಗೆ ಹೋಗಬೇಕಾದರೆ ಆತ ಪರದೇಶದ ನೆಲ ತುಳಿಯಬೇಕು. ಅದಕ್ಕೆ ವೀಸಾ ಬೇಕು. ವೀಸಾ ಕೊಡುವ ಕಚೇರಿ ಇರುವುದು ಆ ಪರದೇಶದ ದೂರದ ನಗರದಲ್ಲಿ. ಊರಿನ ಗಡಿ ದಾಟಿದ ಮರುಕ್ಷಣವೇ ಆತ ಅಕ್ರಮ ನುಸುಳುಕೋರ.

ಇಂತಹ ತುಣುಕುಗಳೊಳಗೆ ಮತ್ತೆ ತುಣುಕುಗಳಿದ್ದವು. ದಹಲಾ ಖಗ್ರಾಬಾರಿ ಎಂಬ ಸಣ್ಣ ಹೊಲ ಭಾರತಕ್ಕೆ ಸೇರಿತ್ತು. ಅದರ ಸುತ್ತ ಬಾಂಗ್ಲಾದೇಶದ ಊರು, ಆ ಊರಿನ ಸುತ್ತ ಭಾರತದ ಛಿಟ್‌ಮಹಲ್, ಅದರ ಸುತ್ತ ಬಾಂಗ್ಲಾದೇಶ. ಜಗತ್ತಿನಲ್ಲಿ ಇಂತಹುದು ಬೇರೊಂದಿರಲಿಲ್ಲ. ಭೂಪಟ ಪ್ರಿಯರಿಗೆ ಇದೊಂದು ಸೋಜಿಗವಾಗಿತ್ತು. ಅಲ್ಲಿ ಬಾಳಿದವರಿಗೆ ಶಾಲೆ, ಆಸ್ಪತ್ರೆ, ವಿದ್ಯುತ್, ಪೊಲೀಸ್ ಠಾಣೆ, ಮತಗಟ್ಟೆ ಯಾವುದೂ ಇರಲಿಲ್ಲ.

ಬೆರುಬಾರಿ ಕಲಿಸಿದ ಪಾಠ

ಸಮಸ್ಯೆ ದೆಹಲಿಯ ಗಮನಕ್ಕೆ ಬಾರದೆ ಉಳಿದಿತ್ತೆಂದು ಹೇಳುವಂತಿಲ್ಲ. 1958 ರ ಸೆಪ್ಟೆಂಬರ್‌ನಲ್ಲೇ ಪ್ರಧಾನಿ ಜವಾಹರಲಾಲ್ ನೆಹರು ಹಾಗೂ ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನ್ ಒಪ್ಪಂದವೊಂದಕ್ಕೆ ಬಂದಿದ್ದರು. ಕೂಚ್ ಬಿಹಾರದ ಛಿಟ್‌ಮಹಲ್‌ಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುವುದು ಹಾಗೂ ವಿವಾದದಲ್ಲಿದ್ದ 8.75 ಚದರ ಮೈಲಿ ವಿಸ್ತೀರ್ಣದ ಬೆರುಬಾರಿ ಯೂನಿಯನ್ ಅನ್ನು ಇಬ್ಭಾಗ ಮಾಡುವುದು ಅದರ ತಿರುಳು. ಬೆರುಬಾರಿ ಆಗ ಭಾರತದ ಸ್ವಾಧೀನದಲ್ಲಿತ್ತು. ಅದರ ಅರ್ಧವನ್ನು ಬಿಟ್ಟುಕೊಡುವ ಸುದ್ದಿ ಪಶ್ಚಿಮ ಬಂಗಾಳದಲ್ಲಿ ಉಗ್ರ ಪ್ರತಿಭಟನೆಗೆ ಕಾರಣವಾಯಿತು.

ಪ್ರಕರಣ ರಾಷ್ಟ್ರಪತಿಯವರ ಮೂಲಕ ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಹೋಯಿತು. ದೇಶದ ಭೂಭಾಗವನ್ನು ಮತ್ತೊಂದು ದೇಶಕ್ಕೆ ಬಿಟ್ಟುಕೊಡಲು ಸರ್ಕಾರದ ಆದೇಶವಾಗಲಿ, ಸಾಧಾರಣ ಕಾನೂನಾಗಲಿ ಸಾಲದು, ಸಂವಿಧಾನ ತಿದ್ದುಪಡಿಯೇ ಆಗಬೇಕೆಂದು ನ್ಯಾಯಪೀಠ 1960 ರ ಮಾರ್ಚ್ 14 ರಂದು ಅಭಿಪ್ರಾಯಪಟ್ಟಿತು. ಅದೇ ವರ್ಷದ ಕೊನೆಯಲ್ಲಿ ಸಂಸತ್ತು ಒಂಬತ್ತನೇ ತಿದ್ದುಪಡಿಯನ್ನು ಅಂಗೀಕರಿಸಿತಾದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಮೊದಲು ದಾವೆಗಳು, ನಂತರ 1965 ರ ಯುದ್ಧ, ಅನಂತರ 1971 ರಲ್ಲಿ ಬಾಂಗ್ಲಾದೇಶದ ಉದಯ. ಒಪ್ಪಂದಕ್ಕೆ ಸಹಿ ಹಾಕಿದ್ದ ಪಾಕಿಸ್ತಾನವೇ ಆ ಗಡಿಯಿಂದ ಮರೆಯಾಯಿತು.

ಆದರೆ 1960 ರ ಆ ಅಭಿಪ್ರಾಯ ಮಾತ್ರ ಉಳಿಯಿತು. ಭಾರತದ ಯಾವುದೇ ಪ್ರಧಾನಿ ಗಡಿ ಮಾತುಕತೆಯ ಮೇಜಿನ ಮುಂದೆ ಕುಳಿತಾಗ, ಕೊಡುವ ಪ್ರತಿ ಎಕರೆಗೂ ಸಂಸತ್ತಿನ ಉಭಯ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು ಎಂಬ ಅರಿವು ಅವರ ಬೆನ್ನ ಹಿಂದೆ ನಿಂತಿರುತ್ತದೆ.

ಇಂದಿರಾ-ಮುಜೀಬ್ ಒಪ್ಪಂದ

1974 ರಲ್ಲಿ ಇಂದಿರಾ ಗಾಂಧಿ ಹಾಗೂ ಶೇಖ್ ಮುಜಿಬುರ್ ರಹಮಾನ್ ಮಾಡಿಕೊಂಡ ಒಪ್ಪಂದ ಸರಳವೂ ವಿವೇಕಯುತವೂ ಆಗಿತ್ತು. ದಕ್ಷಿಣ ಬೆರುಬಾರಿಯ ದಕ್ಷಿಣಾರ್ಧ ಭಾರತಕ್ಕೇ ಉಳಿಯುವುದು. ಪ್ರತಿಯಾಗಿ ಬಾಂಗ್ಲಾದೇಶ ತನ್ನ ದೊಡ್ಡ ಛಿಟ್‌ಮಹಲ್ ಆದ ದಹಗ್ರಾಮ-ಅಂಗರ್‌ಪೋಟಾವನ್ನು ಉಳಿಸಿಕೊಳ್ಳುವುದು. ಅಲ್ಲಿಗೆ ಹೋಗಿಬರಲು ತೀನ್ ಬಿಘಾ ಎಂಬ 178 ಮೀಟರ್ ಉದ್ದ, 85 ಮೀಟರ್ ಅಗಲದ ಭಾರತೀಯ ಭೂಪಟ್ಟಿಯನ್ನು ಶಾಶ್ವತ ಗೇಣಿಗೆ ಕೊಡುವುದು. ಉಳಿದ ಛಿಟ್‌ಮಹಲ್‌ಗಳನ್ನು ವಿನಿಮಯ ಮಾಡಿಕೊಳ್ಳುವಾಗ ಬಾಂಗ್ಲಾದೇಶಕ್ಕೆ ಹೆಚ್ಚುವರಿಯಾಗಿ ಹೋಗುವ ಭೂಮಿಗೆ ಭಾರತ ಪರಿಹಾರ ಕೇಳುವಂತಿಲ್ಲ. ನಿವಾಸಿಗಳು ತಾವಿದ್ದ ಕಡೆಯೇ ಉಳಿದು ಆ ದೇಶದ ಪೌರತ್ವ ಪಡೆಯಬಹುದು.

ಬಾಂಗ್ಲಾದೇಶ ಅದೇ ವರ್ಷದ ನವೆಂಬರ್‌ನಲ್ಲಿ ತನ್ನ ಸಂವಿಧಾನಕ್ಕೆ ಮೂರನೇ ತಿದ್ದುಪಡಿ ತಂದು ಒಪ್ಪಂದಕ್ಕೆ ಮುದ್ರೆ ಒತ್ತಿತು. ಭಾರತ ಒತ್ತಲಿಲ್ಲ. 1975 ರ ಆಗಸ್ಟ್ 15 ರಂದು ಮುಜೀಬ್ ಹತ್ಯೆಯಾದರು. ಢಾಕಾದಲ್ಲಿ ಸೇನಾಡಳಿತ, ದೆಹಲಿಯಲ್ಲಿ ತುರ್ತುಪರಿಸ್ಥಿತಿ ಮತ್ತು ತದನಂತರದ ರಾಜಕೀಯ ಪಲ್ಲಟಗಳ ನಡುವೆ ಒಪ್ಪಂದ ಕಡತ ಸೇರಿತು.

ಅತ್ಯಂತ ಚಿಕ್ಕ ಅಂಶವಾಗಿದ್ದ ತೀನ್ ಬಿಘಾ ಜಾರಿಗೇ 18 ವರ್ಷ ಹಿಡಿಯಿತು ಎಂದರೆ ಉಳಿದುದರ ಪಾಡನ್ನು ಊಹಿಸಬಹುದು. 1982 ರಲ್ಲಿ ಗೇಣಿಯ ಷರತ್ತುಗಳು ನಿಷ್ಕರ್ಷೆಯಾದವು. ಅದರ ವಿರುದ್ಧ ಕಲ್ಕತ್ತಾ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ದಾವೆ ನಡೆಯಿತು. 1990 ರಲ್ಲಿ ಕಾನೂನಿನ ತೊಡಕು ನಿವಾರಣೆಯಾಯಿತು. 1992 ರ ಜೂನ್ 26 ರಂದು ದಾರಿ ತೆರೆಯಿತಾದರೂ ಅದು ಹಗಲು ಹೊತ್ತಿನಲ್ಲಿ, ಗಂಟೆ ಬಿಟ್ಟು ಗಂಟೆ. ದಿನದ 24 ತಾಸೂ ತೆರೆದಿಡಲು 2011 ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ದಹಗ್ರಾಮದಲ್ಲಿ ರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಹೆಣ್ಣುಮಗಳು ಬೆಳಗಾಗುವುದನ್ನೇ ಕಾಯಬೇಕಿತ್ತು.

ವಿಳಂಬದ ಬೆಲೆಯನ್ನು ಯೋಧರೂ ತೆತ್ತರು. ಗುರುತು ಹಾಕದ ಗಡಿ ಹಾಗೂ ಒಂದು ದೇಶದ ನೆಲ ಇನ್ನೊಂದರ ಸ್ವಾಧೀನದಲ್ಲಿದ್ದ ಪ್ರದೇಶಗಳು ಸದಾ ಕಿಡಿ ಹೊತ್ತಿಸುತ್ತಿದ್ದವು. 2001 ರ ಏಪ್ರಿಲ್‌ನಲ್ಲಿ ಮೇಘಾಲಯದ ಪಿರ್ಡಿವಾ ಗ್ರಾಮದ ಒಡೆತನದ ಜಗಳ ಅಸ್ಸಾಂ ಗಡಿಯ ಬೊರೋಯಿಬಾರಿಗೂ ವ್ಯಾಪಿಸಿ, ಗಡಿ ಭದ್ರತಾ ಪಡೆಯ 16 ಯೋಧರು ಪ್ರಾಣ ತೆತ್ತರು. 1971 ರಲ್ಲಿ ಹೆಗಲಿಗೆ ಹೆಗಲು ಕೊಟ್ಟು ಹೋರಾಡಿದ ಎರಡು ದೇಶಗಳ ನಡುವೆ ನಡೆದ ಘರ್ಷಣೆ ಅದು. ಆ ನಂತರವಷ್ಟೇ ಉಭಯ ದೇಶಗಳ ಜಂಟಿ ಗಡಿ ಕಾರ್ಯತಂಡ ಗಂಭೀರವಾಗಿ ಕಾರ್ಯೋನ್ಮುಖವಾಯಿತು.

ಢಾಕಾದಿಂದ ದೆಹಲಿಯವರೆಗೆ

2011 ರ ಜುಲೈನಲ್ಲಿ ಎರಡೂ ದೇಶಗಳ ಸಿಬ್ಬಂದಿ ಒಟ್ಟಾಗಿ ಛಿಟ್‌ಮಹಲ್‌ಗಳಲ್ಲಿ ಮನೆಮನೆ ಎಣಿಕೆ ನಡೆಸಿದರು. ಬಾಂಗ್ಲಾದೇಶದೊಳಗಿನ 111 ಭಾರತೀಯ ಛಿಟ್‌ಮಹಲ್‌ಗಳಲ್ಲಿ 37,334 ಜನ, ಭಾರತದೊಳಗಿನ ಬಾಂಗ್ಲಾದೇಶದ 51 ಛಿಟ್‌ಮಹಲ್‌ಗಳಲ್ಲಿ 14,215 ಜನ ಇರುವುದು ಕಂಡುಬಂತು. ಒಟ್ಟು 51,549. ದಶಕಗಳ ಕಾಲ ಎಕರೆಗಳ ಲೆಕ್ಕದಲ್ಲಿ ನಡೆದಿದ್ದ ಚರ್ಚೆಗೆ ಮೊದಲ ಬಾರಿ ಮನುಷ್ಯರ ಲೆಕ್ಕ ದೊರೆಯಿತು.

ಅದೇ ವರ್ಷದ ಸೆಪ್ಟೆಂಬರ್ 6 ರಂದು ಢಾಕಾದಲ್ಲಿ 1974 ರ ಒಪ್ಪಂದಕ್ಕೆ ಪೂರಕ ಶಿಷ್ಟಾಚಾರ ಪತ್ರಕ್ಕೆ ಸಹಿ ಬಿತ್ತು. ಭಾರತದ ಪರವಾಗಿ ಸಹಿ ಮಾಡಿದವರು ಆಗಿನ ವಿದೇಶಾಂಗ ಸಚಿವ, ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ, ಬಾಂಗ್ಲಾದೇಶದ ಪರವಾಗಿ ದೀಪು ಮೋನಿ. ಗುರುತಾಗದೆ ಉಳಿದಿದ್ದ 6.1 ಕಿಲೋಮೀಟರ್ ಗಡಿ, ಪರಸ್ಪರರ ಸ್ವಾಧೀನದಲ್ಲಿದ್ದ ಭೂಮಿ ಹಾಗೂ ಛಿಟ್‌ಮಹಲ್‌ಗಳು, ಈ ಮೂರೂ ಪ್ರಶ್ನೆಗಳಿಗೆ ಅದು ಉತ್ತರ ಒದಗಿಸಿತು. ನಿವಾಸಿಗಳಿಗೆ ತಮ್ಮ ಹಳೆಯ ಪೌರತ್ವವನ್ನು ಉಳಿಸಿಕೊಳ್ಳುವ ಆಯ್ಕೆಯೂ ಲಭಿಸಿತು.

ಕಾವೇರಿ ಮತ್ತು ಬೆಳಗಾವಿಯ ವಿವಾದಗಳನ್ನು ಕಂಡಿರುವ ಕನ್ನಡಿಗರಿಗೆ ಆ ಭೇಟಿಯ ಇನ್ನೊಂದು ಪ್ರಸಂಗ ಅಪರಿಚಿತವೆನಿಸದು. ಪ್ರಧಾನಿ ಮನಮೋಹನ್ ಸಿಂಗ್ ಜೊತೆ ಢಾಕಾಕ್ಕೆ ತೆರಳಬೇಕಿದ್ದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ, ತೀಸ್ತಾ ನದಿ ನೀರು ಹಂಚಿಕೆಗೆ ಆಕ್ಷೇಪಿಸಿ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ತೀಸ್ತಾ ಒಪ್ಪಂದ ಅಲ್ಲಿಗೇ ನಿಂತಿತು. ಗಡಿ ಒಪ್ಪಂದಕ್ಕೆ ಸಹಿಯಾಯಿತಾದರೂ ಸಂಸತ್ತಿನ ಅನುಮೋದನೆಯ ಹಾದಿ ಮತ್ತಷ್ಟು ದುರ್ಗಮವಾಯಿತು.

2013 ರ ಆಗಸ್ಟ್‌ನಲ್ಲಿ ತಿದ್ದುಪಡಿ ಮಸೂದೆ ಮಂಡಿಸುವ ಯತ್ನವನ್ನು ಅಸ್ಸಾಂ ಗಣ ಪರಿಷತ್ ಹಾಗೂ ತೃಣಮೂಲ ಕಾಂಗ್ರೆಸ್ ಸದಸ್ಯರು ರಾಜ್ಯಸಭೆಯಲ್ಲಿ ತಡೆದರು. ವಿರೋಧ ಪಕ್ಷವಾಗಿದ್ದ ಭಾರತೀಯ ಜನತಾ ಪಕ್ಷ, ಅದರಲ್ಲೂ ವಿಶೇಷವಾಗಿ ಅಸ್ಸಾಂ ಘಟಕ, ನೆಲ ಬಿಟ್ಟುಕೊಡುವುದಕ್ಕೆ ಬಲವಾಗಿ ಆಕ್ಷೇಪಿಸಿತು. ಕೊನೆಗೂ ಡಿಸೆಂಬರ್‌ನಲ್ಲಿ ಮಸೂದೆ ಮಂಡನೆಯಾಗಿ ಸ್ಥಾಯಿ ಸಮಿತಿಗೆ ಹೋಯಿತು. 2014 ರಲ್ಲಿ ಸರ್ಕಾರ ಬದಲಾಯಿತು. ಶಶಿ ತರೂರ್ ಅಧ್ಯಕ್ಷತೆಯ ಸಮಿತಿ ಆ ವರ್ಷದ ಡಿಸೆಂಬರ್‌ನಲ್ಲಿ ಮಸೂದೆಯನ್ನು ಬೆಂಬಲಿಸಿ ವರದಿ ನೀಡಿತು. ಪುನರ್ವಸತಿಯ ವೆಚ್ಚವನ್ನು ಕೇಂದ್ರ ಭರಿಸುವ ಭರವಸೆಯ ಮೇರೆಗೆ ಮಮತಾ ಬ್ಯಾನರ್ಜಿಯವರೂ ಸಮ್ಮತಿಸಿದರು.

ಅಧಿಕಾರಕ್ಕೆ ಬಂದ ಮೇಲೆ ಬಿಜೆಪಿ, ತಾನು ವಿರೋಧಿಸಿದ್ದ ಮಸೂದೆಯನ್ನೇ ಮುಂದಕ್ಕೆ ಒಯ್ದಿತು. ಅಸ್ಸಾಂ ಭಾಗವನ್ನು ಕೈಬಿಡುವ ಆಲೋಚನೆ ಕೊನೆಯ ದಿನಗಳಲ್ಲಿ ಬಂದಿತಾದರೂ ಕಾಂಗ್ರೆಸ್ ಆಕ್ಷೇಪದ ಬಳಿಕ ಅದನ್ನು ಮರಳಿ ಸೇರಿಸಲಾಯಿತು. 2015 ರ ಮೇ 6 ರಂದು ರಾಜ್ಯಸಭೆ, ಮೇ 7 ರಂದು ಲೋಕಸಭೆ ಒಂದೂ ವಿರೋಧ ಮತವಿಲ್ಲದೆ ಅದನ್ನು ಅಂಗೀಕರಿಸಿದವು. ಅದು ಸಂವಿಧಾನದ ನೂರನೇ ತಿದ್ದುಪಡಿಯಾಯಿತು. ಜೂನ್ 6 ರಂದು ಢಾಕಾದಲ್ಲಿ ಅನುಮೋದನಾ ಪತ್ರಗಳ ವಿನಿಮಯವಾದಾಗ ಪ್ರಧಾನಿ ನರೇಂದ್ರ ಮೋದಿ ಹಾಗೂ ಶೇಖ್ ಹಸೀನಾ ಅವರ ಜೊತೆಗೆ ಮಮತಾ ಬ್ಯಾನರ್ಜಿಯವರೂ ಉಪಸ್ಥಿತರಿದ್ದರು.

ಒಂದೂ ವಿರೋಧ ಮತ ಬೀಳದ ಮಸೂದೆಗೆ 41 ವರ್ಷ ಏಕೆ ಬೇಕಾಯಿತು ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. 1974 ರಿಂದ 2015 ರವರೆಗೆ ಒಪ್ಪಂದದ ತಿರುಳು ಬಹುಮಟ್ಟಿಗೆ ಅದೇ ಇತ್ತು. ಬಾಂಗ್ಲಾದೇಶಕ್ಕೆ 17,160 ಎಕರೆ, ಭಾರತಕ್ಕೆ 7,110 ಎಕರೆ ಎಂಬ ಛಿಟ್‌ಮಹಲ್ ಲೆಕ್ಕವೂ ಅದೇ. ಭಾರತ ಹತ್ತು ಸಾವಿರ ಎಕರೆ ಕಳೆದುಕೊಳ್ಳುತ್ತದೆ ಎಂಬ ವಾದ ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುತ್ತಿತ್ತು. ಆ ಭೂಮಿಯ ಮೇಲೆ ಭಾರತದ ಒಬ್ಬ ಗ್ರಾಮ ಲೆಕ್ಕಿಗನೂ ಕಾಲಿಡಲಾಗುತ್ತಿರಲಿಲ್ಲ ಎಂಬ ಸತ್ಯವನ್ನು ಜನರಿಗೆ ತಿಳಿಹೇಳುವ ಕೆಲಸವನ್ನು ಬಹುಕಾಲ ಯಾವ ಪಕ್ಷವೂ ಮಾಡಲಿಲ್ಲ. ಪರಸ್ಪರರ ಸ್ವಾಧೀನದಲ್ಲಿದ್ದ ಜಮೀನಿನ ವಿಲೇವಾರಿಯಲ್ಲಿ ಭಾರತಕ್ಕೇ ಸುಮಾರು 500 ಎಕರೆ ಹೆಚ್ಚು ದಕ್ಕಿತು ಎಂಬುದೂ ಹೆಚ್ಚು ಪ್ರಚಾರ ಪಡೆಯಲಿಲ್ಲ. ಛಿಟ್‌ಮಹಲ್ ನಿವಾಸಿಗಳಿಗೆ ಮತವಿರಲಿಲ್ಲ. ಆದ್ದರಿಂದ ಅವರ ಕಷ್ಟ ಯಾವ ಚುನಾವಣೆಯ ವಿಷಯವೂ ಆಗಲಿಲ್ಲ.

ಸಮುದ್ರದಲ್ಲಿ ಐದೇ ವರ್ಷ

ಇದೇ ಎರಡು ದೇಶಗಳ ಸಮುದ್ರ ಗಡಿಯ ಕಥೆಯನ್ನು ಜೊತೆಯಲ್ಲಿಟ್ಟು ನೋಡಿದರೆ ಈ ಅಂಶ ಮತ್ತಷ್ಟು ಸ್ಪಷ್ಟವಾಗುತ್ತದೆ. ಬಂಗಾಳ ಕೊಲ್ಲಿಯ ಗಡಿ ಕುರಿತ ಮಾತುಕತೆ ಫಲ ಕೊಡದಿದ್ದಾಗ ಬಾಂಗ್ಲಾದೇಶ 2009 ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯಡಿ ಪಂಚಾಯ್ತಿ ನ್ಯಾಯಮಂಡಳಿಯ ಮೊರೆ ಹೋಯಿತು. 2014 ರ ಜುಲೈನಲ್ಲಿ ತೀರ್ಪು ಬಂತು. ವಿವಾದದಲ್ಲಿದ್ದ 25,602 ಚದರ ಕಿಲೋಮೀಟರ್ ಪೈಕಿ 19,467 ಚದರ ಕಿಲೋಮೀಟರ್, ಅಂದರೆ ಮುಕ್ಕಾಲು ಪಾಲು, ಬಾಂಗ್ಲಾದೇಶಕ್ಕೆ ಸಂದಿತು. ಒಂದು ಕಾಲಕ್ಕೆ ಎರಡೂ ದೇಶಗಳು ಹಕ್ಕು ಸಾಧಿಸಿದ್ದ ನ್ಯೂ ಮೂರ್ ದ್ವೀಪ ಆ ವೇಳೆಗೆ ನೀರಿನಲ್ಲಿ ಮುಳುಗಿಹೋಗಿತ್ತು. ಅದಿದ್ದ ಜಾಗ ಭಾರತದ ಪಾಲಿಗೆ ಬಂತು.

ಭಾರತ ತೀರ್ಪನ್ನು ಗೌರವಿಸಿತು. ಸಂವಿಧಾನ ತಿದ್ದುಪಡಿಯ ಪ್ರಶ್ನೆ ಏಳಲಿಲ್ಲ, ಬೀದಿ ಪ್ರತಿಭಟನೆಗಳೂ ಕಾಡಲಿಲ್ಲ. ಎಕರೆಗಳ ಲೆಕ್ಕದಲ್ಲಿ ನೋಡಿದರೆ ಛಿಟ್‌ಮಹಲ್‌ಗಳಲ್ಲಿ ಬಿಟ್ಟುಕೊಟ್ಟದ್ದು ಇದರ ಮುಂದೆ ಸಾಸಿವೆ ಕಾಳು. ಆದರೂ ಐದು ವರ್ಷಗಳೊಳಗೆ ಇದು ಮುಗಿಯಿತು, ಅದಕ್ಕೆ ನಾಲ್ಕು ದಶಕ ಹಿಡಿಯಿತು. ನಷ್ಟದ ಪ್ರಮಾಣಕ್ಕೂ ರಾಜಕೀಯ ಪ್ರತಿರೋಧಕ್ಕೂ ನೇರ ಸಂಬಂಧವಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. ನಿರ್ಣಯವನ್ನು ಮೂರನೆಯವರು ನೀಡಿದಾಗ ಸರ್ಕಾರಕ್ಕೆ ತಲೆಬಾಗುವುದು ಸುಲಭ. ತಾನೇ ಮಾತನಾಡಿ ಕೊಟ್ಟಾಗ ದುರ್ಬಲ ಎಂಬ ಹಣೆಪಟ್ಟಿ ಅಂಟಿಕೊಳ್ಳುತ್ತದೆ.

ಈ ಮಾತಿಗೆ ಕಛ್ ಪ್ರಕರಣವೂ ಸಾಕ್ಷಿ. 1965 ರ ಸಂಘರ್ಷದ ನಂತರ ಭಾರತ ಮತ್ತು ಪಾಕಿಸ್ತಾನ ಕಛ್ ರಣ್ ವಿವಾದವನ್ನು ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಒಪ್ಪಿಸಿದವು. 1968 ರ ಫೆಬ್ರುವರಿ 19 ರ ತೀರ್ಪು ವಿವಾದಿತ ಪ್ರದೇಶದ ಸುಮಾರು ಶೇ 10 ರಷ್ಟನ್ನು ಪಾಕಿಸ್ತಾನಕ್ಕೆ ನೀಡಿತು. ವಿರೋಧ ಪಕ್ಷಗಳು ಪ್ರತಿಭಟಿಸಿದವು. ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಇದು ಅಸ್ಪಷ್ಟ ಗಡಿಯ ನಿರ್ಣಯವೇ ಹೊರತು ಭೂಭಾಗದ ಹಸ್ತಾಂತರವಲ್ಲ, ಆದಕಾರಣ ತಿದ್ದುಪಡಿ ಅನಗತ್ಯವೆಂದು ನ್ಯಾಯಾಲಯ 1969 ರಲ್ಲಿ ಹೇಳಿತು. ತೀರ್ಪು ಜಾರಿಯಾಯಿತು. ಬೆರುಬಾರಿ ಮತ್ತು ಕಛ್ ಈ ಎರಡು ಪ್ರಕರಣಗಳ ನಡುವಣ ಗೆರೆಯಲ್ಲೇ ಭಾರತದ ಗಡಿ ರಾಜತಾಂತ್ರಿಕತೆ ಇಂದಿಗೂ ನಡೆಯಬೇಕಾಗಿದೆ.

ಉಳಿದ ಗಡಿಗಳ ಗತಿ

ಕಛ್ ತೀರ್ಪಿನ ವ್ಯಾಪ್ತಿಯಿಂದ ಹೊರಗುಳಿದ ಸರ್ ಕ್ರೀಕ್ ಇದಕ್ಕೆ ತಕ್ಕ ಉದಾಹರಣೆ. ಗುಜರಾತ್ ಮತ್ತು ಸಿಂಧ್ ನಡುವಣ ಈ 96 ಕಿಲೋಮೀಟರ್ ಉದ್ದದ ಜೌಗು ಕಾಲುವೆಯನ್ನು 2007 ರಲ್ಲಿ ಎರಡೂ ದೇಶಗಳು ಜಂಟಿಯಾಗಿ ಸರ್ವೆ ಮಾಡಿದವು. ಗೆರೆ ಕಾಲುವೆಯ ನಡುವೆ ಹಾಯಬೇಕೆಂದು ಭಾರತ, ಪೂರ್ವದ ದಂಡೆಯಲ್ಲೆಂದು ಪಾಕಿಸ್ತಾನ. ತಾಂತ್ರಿಕ ಸಿದ್ಧತೆ ಮುಗಿದಿದ್ದರೂ ಮುಂಬೈ ದಾಳಿಯ ನಂತರ ವಾತಾವರಣ ಕೆಟ್ಟಿತು. 2012 ರ ನಂತರ ಮಾತುಕತೆ ಸ್ಥಗಿತಗೊಂಡಿತು. ದಿಕ್ಕು ತಪ್ಪಿ ಗಡಿ ದಾಟಿ ಪರದೇಶದ ಜೈಲು ಸೇರುವ ಎರಡೂ ಕಡೆಯ ಬಡ ಮೀನುಗಾರರು ಅದರ ಬೆಲೆ ತೆರುತ್ತಿದ್ದಾರೆ.

ಚೀನಾ ಗಡಿಯ ಪ್ರಶ್ನೆ ಇವೆಲ್ಲಕ್ಕಿಂತ ಜಟಿಲ. ಬೆರುಬಾರಿ ಕುರಿತ ಅಭಿಪ್ರಾಯ ಹೊರಬಿದ್ದ ಒಂದು ತಿಂಗಳ ತರುವಾಯ, 1960 ರ ಏಪ್ರಿಲ್‌ನಲ್ಲಿ ಚೌ ಎನ್‌ಲೈ ದೆಹಲಿಗೆ ಬಂದಿದ್ದರು ಎಂಬುದನ್ನು ಮರೆಯುವಂತಿಲ್ಲ. ನೆಲ ಕೊಡು-ಕೊಳ್ಳುವ ಯಾವುದೇ ಸೂತ್ರಕ್ಕೂ ಸಂವಿಧಾನ ತಿದ್ದಬೇಕೆಂಬ ಸ್ಥಿತಿ ಆಗಲೇ ನಿರ್ಮಾಣವಾಗಿತ್ತು. ಯುದ್ಧದ ನಡುವೆ, 1962 ರ ನವೆಂಬರ್ 14 ರಂದು ಸಂಸತ್ತು ಆಕ್ರಮಿತ ನೆಲವನ್ನು ತೆರವುಗೊಳಿಸುವ ಸಂಕಲ್ಪ ತೊಟ್ಟಿತು. 2003 ರಲ್ಲಿ ವಿಶೇಷ ಪ್ರತಿನಿಧಿಗಳ ವ್ಯವಸ್ಥೆ, 2005 ರ ಏಪ್ರಿಲ್ 11 ರಂದು ಮಾರ್ಗದರ್ಶಿ ಸೂತ್ರಗಳ ಒಪ್ಪಂದ ಆದವು. ಗಡಿಯಲ್ಲಿ ನೆಲೆಸಿದ ಜನರ ಹಿತವನ್ನು ಕಾಯಬೇಕೆಂಬ ಅದರ ಅಂಶ ಆಶಾದಾಯಕವಾಗಿತ್ತು. ಬಳಿಕ ಎರಡನೇ ಹಂತದಲ್ಲೇ ಮಾತುಕತೆ ತೆವಳಿತು. 2020 ರ ಜೂನ್ 15 ರಂದು ಗಲ್ವಾನ್‌ನಲ್ಲಿ ಭಾರತದ 20 ಯೋಧರು ಹುತಾತ್ಮರಾದರು. 2024 ರ ಅಕ್ಟೋಬರ್‌ನಲ್ಲಿ ಗಸ್ತು ಕುರಿತು ಒಮ್ಮತ ಮೂಡಿತು, 2024 ರ ಡಿಸೆಂಬರ್ ಹಾಗೂ 2025 ರ ಆಗಸ್ಟ್‌ನಲ್ಲಿ ವಿಶೇಷ ಪ್ರತಿನಿಧಿಗಳು ಭೇಟಿಯಾದರು. ಇವು ಉದ್ವಿಗ್ನತೆಯನ್ನು ತಗ್ಗಿಸುವ ಕ್ರಮಗಳು. ಗಡಿ ಎಲ್ಲಿ ಹಾಯಬೇಕೆಂಬ ಮೂಲ ಪ್ರಶ್ನೆ ಅವುಗಳಾಚೆಗಿದೆ.

ಗೆರೆ ಅಚಲ, ಜನ ಅತಂತ್ರ

ಬಗೆಹರಿದ ಗಡಿಯ ಪ್ರಯೋಜನವೇನು ಎಂದು ಕೇಳುವವರಿಗೆ 2024 ರ ನಂತರದ ವಿದ್ಯಮಾನಗಳು ಉತ್ತರ ನೀಡುತ್ತವೆ. ಆ ವರ್ಷದ ಆಗಸ್ಟ್ 5 ರಂದು ಶೇಖ್ ಹಸೀನಾ ಸರ್ಕಾರ ಪತನಗೊಂಡು, ಅವರು ಭಾರತಕ್ಕೆ ಬಂದರು. ದ್ವಿಪಕ್ಷೀಯ ಸಂಬಂಧ ಹಿಂದೆಂದೂ ಕಾಣದಷ್ಟು ಹದಗೆಟ್ಟಿತು. 2025 ರ ಜನವರಿಯಲ್ಲಿ ತಂತಿಬೇಲಿಯ ವಿಷಯವಾಗಿ ಎರಡೂ ದೇಶಗಳು ಪರಸ್ಪರರ ರಾಜತಾಂತ್ರಿಕ ಪ್ರತಿನಿಧಿಗಳನ್ನು ಕರೆಸಿ ಆಕ್ಷೇಪ ಸಲ್ಲಿಸಿದವು. ಆದರೆ ಆ ಜಗಳ ಬೇಲಿಯನ್ನು ಗೆರೆಯಿಂದ ಎಷ್ಟು ಗಜ ದೂರದಲ್ಲಿ ಹಾಕಬೇಕೆಂಬುದಕ್ಕೆ ಸೀಮಿತವಾಗಿತ್ತು. ಗೆರೆ ಎಲ್ಲಿದೆ ಎಂಬ ಬಗ್ಗೆ ತಕರಾರು ಏಳಲಿಲ್ಲ. ಛಿಟ್‌ಮಹಲ್‌ಗಳು ಇನ್ನೂ ಉಳಿದಿದ್ದಲ್ಲಿ, ಆ ಬಿಸಿಯಲ್ಲಿ ಅಲ್ಲಿನ ನಿವಾಸಿಗಳ ಗತಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. 4,096 ಕಿಲೋಮೀಟರ್ ಉದ್ದದ ಗಡಿಯಲ್ಲಿ ಭೂ ಹಕ್ಕಿನ ಜಗಳವನ್ನು ಮುಗಿಸಿದ್ದು ಕೆಟ್ಟ ದಿನಗಳಲ್ಲಿ ಕೈಹಿಡಿಯಿತು.

ಇದೇ ಕಾರಣಕ್ಕೆ ಉಳಿದಿರುವ ನದಿಗಳ ಪ್ರಶ್ನೆ ಕಳವಳಕಾರಿಯಾಗಿದೆ. ತೀಸ್ತಾ ಒಪ್ಪಂದ 2011 ರಲ್ಲಿ ನಿಂತಲ್ಲೇ ನಿಂತಿತು. 1996 ರ ಡಿಸೆಂಬರ್ 12 ರಂದು ಸಹಿಯಾದ ಗಂಗಾ ಜಲ ಒಪ್ಪಂದದ 30 ವರ್ಷಗಳ ಅವಧಿ 2026 ರ ಡಿಸೆಂಬರ್‌ಗೆ ಸೀಮಿತ. ಗಡಿ ಪ್ರಶ್ನೆಯಲ್ಲಾದಂತೆ ಇಲ್ಲಿಯೂ ದೆಹಲಿ ಮೊದಲು ಕೋಲ್ಕತ್ತಾದೊಂದಿಗೆ, ಬಿಹಾರದೊಂದಿಗೆ ಕೂರಬೇಕಾದೀತು. ಢಾಕಾ ಪ್ರಯಾಣ ಆ ನಂತರದ್ದು.

ಇನ್ನು ಆ 51,549 ಜನರ ವಿಚಾರ. ಭಾರತದೊಳಗಿನ 51 ಛಿಟ್‌ಮಹಲ್‌ಗಳಿಂದ ಒಬ್ಬರೂ ಬಾಂಗ್ಲಾದೇಶಕ್ಕೆ ಹೋಗಬಯಸಲಿಲ್ಲ. ಆ ಕಡೆಯಿಂದ ಒಂಬತ್ತು ನೂರಕ್ಕೂ ಹೆಚ್ಚು ಮಂದಿ ಭಾರತಕ್ಕೆ ಬಂದು ದಿನ್‌ಹಾಟಾ, ಮೇಖಲೀಗಂಜ್ ಹಾಗೂ ಹಲ್ದಿಬಾರಿಯ ತಾತ್ಕಾಲಿಕ ಶಿಬಿರಗಳಲ್ಲಿ ತಗಡಿನ ಸೂರಿನಡಿ ವರ್ಷಗಳನ್ನು ಕಳೆದರು. ಕೇಂದ್ರ ಸಂಪುಟ 2015 ರ ಡಿಸೆಂಬರ್‌ನಲ್ಲಿ ಸುಮಾರು 1,006 ಕೋಟಿ ರೂಪಾಯಿಗಳ ಪುನರ್ವಸತಿ ಯೋಜನೆಗೆ ಒಪ್ಪಿಗೆ ನೀಡಿತ್ತು. 2016 ರ ವಿಧಾನಸಭಾ ಚುನಾವಣೆಯಲ್ಲಿ ಈ ಹೊಸ ಪ್ರಜೆಗಳು ಜೀವಮಾನದಲ್ಲೇ ಮೊದಲ ಬಾರಿಗೆ ಮತ ಹಾಕಿದರು. ಅವರಲ್ಲಿ ಮುದುಕರೂ ಇದ್ದರು.

2025 ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದಲ್ಲಿ ಮತದಾರರ ಪಟ್ಟಿಯ ವಿಶೇಷ ಸಮಗ್ರ ಪರಿಷ್ಕರಣೆ ಆರಂಭವಾದಾಗ, 2002 ರ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳಲಾಯಿತು. ಛಿಟ್‌ಮಹಲ್‌ನವರ ಹೆಸರು ಆ ಪಟ್ಟಿಯಲ್ಲಿರಲು ಸಾಧ್ಯವೇ ಇರಲಿಲ್ಲ, ಆಗ ಅವರು ಭಾರತದ ಪ್ರಜೆಗಳೇ ಆಗಿರಲಿಲ್ಲ. ಎರಡು ಸರ್ಕಾರಗಳು ಜಂಟಿಯಾಗಿ ಎಣಿಸಿ, ಸಂವಿಧಾನವನ್ನೇ ತಿದ್ದಿ ತಮ್ಮವರೆಂದು ಸ್ವೀಕರಿಸಿದ ಜನ ಹತ್ತು ವರ್ಷಗಳ ನಂತರ ಮತ್ತೆ ಕಾಗದಗಳನ್ನು ಹುಡುಕುವಂತಾಯಿತು.

ಗಡಿ ಒಪ್ಪಂದಗಳನ್ನು ಅಳೆಯುವಾಗ ಎರಡು ಸಹಿಗಳನ್ನು ನೋಡುವ ರೂಢಿ ನಮ್ಮಲ್ಲಿದೆ. ಒಂದು ನಮ್ಮ ನಾಯಕರದು, ಇನ್ನೊಂದು ಅವರದು. ಸಹಿಯ ನಂತರ ಸಂಸತ್ತಿನ ಒಪ್ಪಿಗೆ, ರಾಜ್ಯಗಳ ಒಪ್ಪಿಗೆ ಹಾಗೂ ಆ ನೆಲದ ಮೇಲೆ ಬಾಳುವವನ ಕೈಗೆ ಸೇರಬೇಕಾದ ಗುರುತು ಚೀಟಿ ಬಾಕಿ ಇರುತ್ತವೆ. ಇಂದಿರಾ ಮತ್ತು ಮುಜೀಬ್ ಅವರ ಸಹಿಗೆ ಸಂಸತ್ತಿನ ಒಪ್ಪಿಗೆ ಸೇರಲು 41 ವರ್ಷ ಬೇಕಾಯಿತು. ಮಶಾಲ್‌ಡಾಂಗಾದಂತಹ ಊರುಗಳ ಜನರ ಕೈಯಲ್ಲಿರುವ ಗುರುತು ಚೀಟಿಯನ್ನು ಯಾರೂ ಮತ್ತೆ ಪ್ರಶ್ನಿಸದ ದಿನ ಬಂದಾಗ 1974 ರ ಆ ಒಪ್ಪಂದ ಪೂರ್ಣವಾಗಿ ಜಾರಿಗೆ ಬಂತೆಂದು ಹೇಳಲಡ್ಡಿಯಿಲ್ಲ.